ಸೆರಗಿನ ಕೆಳಗಿನ ಕೈ

ನಮ್ಮತ್ತೆ ನನ್ನನ್ನು ಬೈಯುವುದು ನಿಂತುಹೋದ ಮೇಲೆಯೇ ನನಗೆ ಸೌಜನ್ಯ ಕೇಂದ್ರದ ಮೇಲೆ ಸಿಟ್ಟು ಬಂದದ್ದು. ಅಲ್ಲಿಯವರೆಗೆ ನಾನೂ ಎಲ್ಲರಂತೆ ಅದೊಂದು ಒಳ್ಳೆಯ ವ್ಯವಸ್ಥೆ ಎಂದೇ ತಿಳಿದಿದ್ದೆ.

ನಮ್ಮತ್ತೆ ಕಸ್ತೂರೆವ್ವ ಎಂದರೆ ಕರಡಿಕೊಪ್ಪದ ದನದ ಪೇಟೆಯಲ್ಲಿ ಗೊತ್ತಿಲ್ಲದವರಿಲ್ಲ. ಮಾವ ತೀರಿಕೊಂಡ ಮೇಲೆ ಅವರ ದಲ್ಲಾಳಿ ಕೆಲಸಕ್ಕೆ ತಾವೇ ನಿಂತವರು. ಗಂಡಸರೇ ತುಂಬಿದ ಆ ಬಯಲಿನಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವರು, ಸುಳ್ಳು ವಯಸ್ಸು ಹೇಳಿದವನ ಜನ್ಮ ಜಾಲಾಡುವರು. ಅವರು ಒಮ್ಮೆ ಕೂಗಿದರೆ ಪೇಟೆಯ ಆ ತುದಿಯ ಎಮ್ಮೆಗಳೂ ತಿರುಗಿ ನೋಡುತ್ತಿದ್ದವು. ಅದೇ ದನಿ ಮನೆಯಲ್ಲಿ ನನ್ನ ಮೇಲೆ ಬೀಳುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಹುಡುಗರನ್ನು ಗದರಿಸಿಕೊಂಡು ಬಂದ ಬಾಯಿ ನನ್ನದು. ಹೀಗೆ ನಮ್ಮಿಬ್ಬರ ಸಂಸಾರ ಜಗಳದಲ್ಲಿ ಚೆನ್ನಾಗಿಯೇ ಸಾಗಿತ್ತು.

ಆಮೇಲೆ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಧ್ವನಿಪೆಟ್ಟಿಗೆ ತೆಗೆದು ಜೀವ ಉಳಿಸಿದರು. ಆಸ್ಪತ್ರೆಯಿಂದ ಬರುವಾಗಲೇ ಕೊರಳಿಗೊಂದು ಪಟ್ಟಿ ಕಟ್ಟಿ ಕಳಿಸಿದರು. ಗಂಟಲಿಲ್ಲದವರಿಗೆ ಸರಕಾರ ಪುಕ್ಕಟೆ ಕೊಡುವ ಪಟ್ಟಿ ಅದು. ಒಳಗಿನ ಸೆನ್ಸರ್‌ಗಳು ನಾಲಿಗೆ, ದವಡೆಗಳ ಅಲುಗಾಟವನ್ನು ಹಿಡಿದು ಸೌಜನ್ಯ ಕೇಂದ್ರಕ್ಕೆ ಕಳಿಸುತ್ತವೆ. ಅಲ್ಲಿಯ ಯಂತ್ರ ಈಕೆ ಏನು ಹೇಳಹೊರಟಿದ್ದಾಳೆ ಎಂದು ಊಹಿಸಿ, ಆ ಮಾತನ್ನು ಜರಡಿ ಹಿಡಿದು, ಕಿವಿಗೆ ಕೇಳದ ಗುಪ್ತ ಮುದ್ರೆಯೊಂದನ್ನು ಒತ್ತಿ ವಾಪಸ್ಸು ಕಳಿಸುತ್ತದೆ. ಪಟ್ಟಿಯ ಸ್ಪೀಕರ್ ಅದನ್ನು ಆಡುತ್ತದೆ. ಎಲ್ಲ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ಜರಡಿ ಬಂದದ್ದಕ್ಕೂ ಕಾರಣವಿತ್ತು. ಒಂದು ಕಾಲಕ್ಕೆ ಕದ್ದ ದನಿಗಳ ಹಾವಳಿ ವಿಪರೀತವಾಗಿತ್ತು. ಸತ್ತವರ ದನಿಯಲ್ಲಿ ಫೋನು ಬರುತ್ತಿದ್ದವು, ಯಾರದೋ ದನಿಯಲ್ಲಿ ಯಾರೋ ಮಾಡಿದ ಭಾಷಣಕ್ಕೆ ಊರುಗಳು ಹೊತ್ತಿ ಉರಿದವು. ಹಾಗಾಗಿ ಯಂತ್ರ ಆಡುವ ಮಾತೆಲ್ಲ ಕೇಂದ್ರದ ಮೂಲಕವೇ ಹೋಗಬೇಕೆಂದು ಕಾನೂನಾಯಿತು. ಯಾರೂ ಬೇಡ ಅನ್ನಲಿಲ್ಲ. ಮುಂದೆ ಜರಡಿಯ ಕಣ್ಣುಗಳು ಸಣ್ಣವಾಗುತ್ತ ಬಂದವು. ಮೊದಲು ಬೈಗುಳ ನಿಂತವು, ಆಮೇಲೆ ಸಿಟ್ಟು, ಕೊನೆಗೆ ಒರಟು ಅನ್ನಿಸಿದ್ದೆಲ್ಲ. ಮನೆಯ ಕಂಪ್ಯೂಟರುಗಳೂ ಅಷ್ಟೆ, ಬೆಳಗಾದರೆ ಕೇಂದ್ರಕ್ಕೊಂದು ಸಲಾಮು ಹೊಡೆಯದೆ ತೆರೆದುಕೊಳ್ಳುತ್ತಿರಲಿಲ್ಲ. ಅವು ನಮ್ಮ ಮನೆಯಲ್ಲಿದ್ದವು ಅಷ್ಟೇ, ನಮ್ಮವಾಗಿರಲಿಲ್ಲ.

ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅತ್ತೆ ಒಂದು ತುತ್ತು ಬಾಯಿಗಿಟ್ಟವರೇ ನನ್ನ ಕಡೆ ನೋಡಿ ತುಟಿ ಅಲುಗಿಸಿದರು. ಆ ಮುಖ ನನಗೆ ಚೆನ್ನಾಗಿ ಗೊತ್ತು. ನನ್ನ ತವರುಮನೆಯವರೆಗೂ ಹೋಗಿಬರುವ ಬೈಗುಳದ ಮುಖ ಅದು. ಕೊರಳಿಂದ ಮಾತ್ರ ಸುದ್ದಿ ಓದುವ ಹುಡುಗಿಯ ದನಿ ಬಂತು: "ಸಾರು ಸೊಗಸಾಗಿದೆ. ಉಪ್ಪು ಸ್ವಲ್ಪ ಕಡಿಮೆಯಿದ್ದರೆ ಇನ್ನೂ ರುಚಿಯೆನಿಸುತ್ತಿತ್ತು."

ಮೊದಮೊದಲು ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಇವರಿಗಂತೂ ಹಬ್ಬ. ಇವರೆಂದರೆ ನನ್ನ ಗಂಡ ಗುರುಸಿದ್ದಪ್ಪ, ಅದೇ ಸೌಜನ್ಯ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಆಪರೇಟರ್. ಮನೆ ಈಗ ತಣ್ಣಗಾಯಿತು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಆದರೆ ಅತ್ತೆಯ ಮುಖ ನೋಡುತ್ತ ನೋಡುತ್ತ ನನ್ನ ನಗು ಆರಿಹೋಯಿತು. ತಾವು ಆಡಿದ್ದು ಒಂದು, ಕೊರಳು ನುಡಿದದ್ದು ಇನ್ನೊಂದು. ಪ್ರತಿ ಮಾತಿಗೂ ಅವರು ತಮ್ಮ ಕೊರಳನ್ನೇ ಅಪರಿಚಿತರಂತೆ ಕೇಳಿಸಿಕೊಳ್ಳುತ್ತಿದ್ದರು.

ಕೇಂದ್ರದ ವಾರ್ಷಿಕೋತ್ಸವಕ್ಕೆ ನೌಕರರ ಮನೆಯವರನ್ನು ಕರೆದಿದ್ದರು. ನಿಯಂತ್ರಣ ಕೊಠಡಿಯ ಗೋಡೆತುಂಬ ಪರದೆಗಳು. ಮಾತುಗಳು ಒಂದು ಕಡೆಯಿಂದ ಕೆಂಪಾಗಿ ಬಂದು ಇನ್ನೊಂದು ಕಡೆಗೆ ಹಸಿರಾಗಿ ಹೋಗುತ್ತಿದ್ದವು. ಇವರು ಅಭಿಮಾನದಿಂದ ಒಂದು ಸಾಲು ತೋರಿಸಿದರು. ಯಾವುದೋ ಊರಿನಲ್ಲಿ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ಗಂಡನಿಗೆ, ಈ ಮನೆಯ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಅಂದಿದ್ದಳು. ಅದು 'ನೀವು ತಡವಾಗಿ ಬಂದರೆ ನನಗೆ ಬೇಸರವಾಗುತ್ತದೆ' ಎಂದಾಗಿ ಹೊರಟುಹೋಯಿತು. ಸುತ್ತ ಇದ್ದವರೆಲ್ಲ ನಕ್ಕರು. ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆದದ್ದು, ಆ ಗಂಡಸು ಬೇಗನೆ ಮನೆಗೆ ಬಂದಿರುತ್ತಾನೆ ಎಂದು. ಬಂದ ಮೇಲೆ ಆ ಹೆಂಗಸಿನ ಗತಿ ಏನಾಯಿತೆಂದು ಕೇಂದ್ರದಲ್ಲಿ ಯಾರಿಗೂ ಗೊತ್ತಿಲ್ಲ.

ಮುಂದಿನ ಪಾಳಿ ನಮ್ಮ ಮನೆಯದೇ ಆಗಿತ್ತು. ದನದ ಪೇಟೆಯ ಬಯಲನ್ನು ಡ್ರೋನ್ ನಿಲ್ದಾಣಕ್ಕೆ ಕೊಡಬೇಕೆಂದು ಪ್ರಾಧಿಕಾರ ತೀರ್ಮಾನಿಸಿ ಅಹವಾಲು ಸಭೆ ಕರೆಯಿತು. ಪೇಟೆಯವರೆಲ್ಲ ಒಮ್ಮನಸ್ಸಿನಿಂದ ಕಸ್ತೂರೆವ್ವನೇ ಮಾತಾಡಲಿ ಅಂದರು. ಅತ್ತೆ ಎದ್ದುನಿಂತು ಕೈ ಎತ್ತಿ, ಕಣ್ಣು ಕೆಂಪು ಮಾಡಿ ಏನೇನೋ ಹೇಳಿದರು. ಪಟ್ಟಿ ಹೇಳಿದ್ದು ಇಷ್ಟು: "ಕೆಲವು ಆತಂಕಗಳಿದ್ದರೂ ತಮ್ಮ ಯೋಜನೆಯನ್ನು ನಾವು ಸ್ವಾಗತಿಸುತ್ತೇವೆ." ಅತ್ತೆ ತಲೆ ಅಲ್ಲಾಡಿಸಿದರು, ಮೇಜು ಕುಟ್ಟಿದರು, ಪಟ್ಟಿ ಕಿತ್ತು ಒಗೆದರು. ಆದರೆ ಆ ಸಭೆಯ ನಡಾವಳಿ ಬರೆಯುವುದೂ ಯಂತ್ರವೇ. ಅದಕ್ಕೆ ಕಿವಿಯಿದೆ, ಕಣ್ಣಿಲ್ಲ. ಒಪ್ಪಿಗೆ ದಾಖಲಾಯಿತು.

ಪೇಟೆಯಲ್ಲಿ ಕೆಲವರು ಕಸ್ತೂರೆವ್ವ ಮಾರಿಕೊಂಡಳು ಅಂದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅಂದದ್ದು ಕಿವಿಗೆ ಬೀಳದೆ ಇರುತ್ತದೆಯೇ? ಅಂದಿನಿಂದ ಅತ್ತೆ ಪಟ್ಟಿ ಕಟ್ಟುವುದನ್ನೇ ಬಿಟ್ಟರು, ಮಾತನ್ನೂ ಬಿಟ್ಟರು. ಹೇಳಿಕೆ ತಿದ್ದಿಕೊಳ್ಳಲು ಇನ್ನೊಂದೇ ಅವಕಾಶವಿತ್ತು. ಅಂತಿಮ ಸಭೆಯಲ್ಲಿ, ಹೇಳಿದವರು ಸ್ವತಃ, ದನಿಯಲ್ಲೇ ತಿದ್ದಬೇಕು. ಅದು ಆಗದಿದ್ದರೆ ಹೆತ್ತ ಮಗನಷ್ಟೇ ಪ್ರೀತಿಸಿದ ಬಯಲು ಅವರದೇ ಹೆಸರಿನ ಒಪ್ಪಿಗೆಯ ಮೇಲೆ ಹೋಗುತ್ತಿತ್ತು. ನನಗೆ ಆ ಬಯಲಿಗಿಂತ ಹೆಚ್ಚು ಸಂಕಟವಾದದ್ದು ಈ ಹೆಂಗಸಿನ 'ಒಲ್ಲೆ' ಎಂಬ ಒಂದು ಮಾತನ್ನು ಕದ್ದರಲ್ಲ ಎಂದು. ಕೇಂದ್ರವನ್ನು ಕೇಳದೆ ಮಾತಾಡುವ ಒಂದು ಕಂಪ್ಯೂಟರನ್ನು ನಾನೇ ಕಟ್ಟುತ್ತೇನೆ ಎಂದು ನಿರ್ಧರಿಸಿದೆ.

ಪ್ರಯೋಗಾಲಯದ ಉಗ್ರಾಣದಲ್ಲಿ ಹಳೆಯ ಕಾಲದ ಬೋರ್ಡುಗಳ ಒಂದು ಡಬ್ಬಿಯಿತ್ತು. ಹಿಂದೆ ಹುಡುಗರು ಹವ್ಯಾಸಕ್ಕೆಂದು ಗಿಡಕ್ಕೆ ನೀರು ಬಿಡುವ ಯಂತ್ರ, ಗೋಡೆ ಹತ್ತುವ ರೋಬಾಟ್ ಮಾಡುತ್ತಿದ್ದರಲ್ಲ, ಆ ಅಂಗೈಯಗಲದ ಪುಟ್ಟ ಕಂಪ್ಯೂಟರುಗಳು. ಅವು ಯಾರಿಗೂ ಸಲಾಮು ಹೊಡೆಯದ ತಲೆಮಾರಿನವು. ಗುಜರಿಗೆ ಹೋಗಬೇಕಾದವನ್ನು ಚೀಲಕ್ಕೆ ಹಾಕಿಕೊಂಡೆ. ಬ್ಯಾಟರಿ ಒಡೆದ ಟಾರ್ಚಿನದು, ಸ್ಪೀಕರ್ ಹಳೆಯ ರೇಡಿಯೋದ್ದು. ದನಿಯೇ ದೊಡ್ಡ ಸಮಸ್ಯೆಯಾಗಬಹುದು ಅಂದುಕೊಂಡಿದ್ದೆ, ಅದು ನನ್ನ ಫೋನಿನಲ್ಲೇ ಸಿಕ್ಕಿತು. ಅತ್ತೆ ಪೇಟೆಯಿಂದ ನನಗೆ ಕಳಿಸುತ್ತಿದ್ದ ಬೈಗುಳದ ಧ್ವನಿಸಂದೇಶಗಳನ್ನೆಲ್ಲ ಮದುವೆಯಾದಾಗಿನಿಂದ ಒಂದೂ ಬಿಡದೆ ಕಾದಿಟ್ಟಿದ್ದೆ. ಯಾವತ್ತಾದರೂ ನಿಮ್ಮವ್ವ ಹೀಗೆ ಅಂದರು ನೋಡಿ ಎಂದು ಇವರ ಮುಂದೆ ಸಾಕ್ಷಿ ಹಾಜರುಪಡಿಸುವ ಹಂಚಿಕೆ ನನ್ನದು. ಆ ಸಾಕ್ಷಿಗಳನ್ನೇ ಚೂರುಚೂರು ಮಾಡಿ, ಅಕ್ಷರಕ್ಕೊಂದು ಸದ್ದಿನಂತೆ ವಿಂಗಡಿಸಿ ಮೆಮೊರಿ ಕಾರ್ಡಿಗೆ ತುಂಬಿದೆ.

ಬಟ್ಟನ್ನುಗಳ ಹಲಗೆಯೊಂದನ್ನು ಜೋಡಿಸಿ ಅತ್ತೆಯ ತೊಡೆಯ ಮೇಲಿಟ್ಟೆ. ಆಗಲೇ ಇಲ್ಲ. ಒಂದು ಅಕ್ಷರ ಹುಡುಕುವುದರಲ್ಲಿ ಅವರಿಗೆ ಬೆವರು ಬರುತ್ತಿತ್ತು. ಎರಡು ದಿನ ಹೆಣಗಿ, ಹಲಗೆಯನ್ನು ನನ್ನ ಮಡಿಲಿಗೇ ತಳ್ಳಿದರು. ಆಮೇಲೆ ಏನೆನ್ನಿಸಿತೋ, ನನ್ನ ಬಲಗೈ ಎಳೆದುಕೊಂಡು ತಮ್ಮ ಸೆರಗಿನ ಕೆಳಗೆ ಇಟ್ಟು, ನನ್ನ ಬೆರಳುಗಳನ್ನು ಹಿಡಿದು ಒತ್ತತೊಡಗಿದರು.

ದನದ ಪೇಟೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವೆಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಯಾವ ಬೆರಳು, ಯಾವ ಗೆಣ್ಣು, ಎಷ್ಟು ಒತ್ತಿದರು ಎನ್ನುವುದರಲ್ಲೇ ವ್ಯಾಪಾರ ಮುಗಿಯುತ್ತದೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ಮೂರನೆಯವನು ಟವೆಲ್ ಎತ್ತಿದನೋ, ಆ ಪೇಟೆಯಲ್ಲಿ ಅವನಿಗೆ ನೀರೂ ಹುಟ್ಟುವುದಿಲ್ಲ. ಅತ್ತೆಯ ಬೆರಳುಗಳು ಬದುಕಿಡೀ ಮಾತಾಡಿದ್ದು ಬಟ್ಟೆಯ ಮರೆಯಲ್ಲಿ, ಇನ್ನೊಂದು ಕೈಯೊಂದಿಗೆ. ನಾನು ಅವರಿಗೆ ಕೊಟ್ಟಿದ್ದು ಬಟಾಬಯಲಿನಲ್ಲಿ ಒಂದು ಹಲಗೆ.

ಹಾಗಾದರೆ ಕಂಪ್ಯೂಟರು ಕೈಯೇ ಆಗಲಿ ಅಂದುಕೊಂಡೆ. ಹಳೆಯ ಕೈಗವಸಿಗೆ ಅರಳೆ ತುಂಬಿ, ಗೆಣ್ಣು ಗೆಣ್ಣಿಗೂ ಐಸಿ ಚಿಪ್ಪುಗಳನ್ನು ಚುಚ್ಚಿಡುವ ಕಪ್ಪು ಸ್ಪಂಜಿನ ತುಂಡು ಕೂರಿಸಿದೆ. ಒತ್ತಿದರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಎಷ್ಟು ಒತ್ತಿದರೆಂದು ಬೋರ್ಡಿಗೆ ತಿಳಿಯುತ್ತದೆ. ಇನ್ನು ಅಕ್ಷರಗಳು. ಕಾಗುಣಿತ ಹಾಳೆಯನ್ನು ಮುಂದಿಟ್ಟುಕೊಂಡು ಕೂತವಳಿಗೆ ನಗು ತಡೆಯಲಾಗಲಿಲ್ಲ. ಕ, ಚ, ಟ, ತ, ಪ ಎಂದು ಐದು ವರ್ಗ, ಕೈಗೆ ಐದು ಬೆರಳು. ವರ್ಗದಲ್ಲಿ ಐದೈದು ಅಕ್ಷರಗಳಿವೆ, ಆದರೆ ಮಹಾಪ್ರಾಣ ನಮ್ಮತ್ತೆಯ ನಾಲಿಗೆಯಲ್ಲಿ ಹುಟ್ಟಿದಾಗಿನಿಂದ ಇಲ್ಲ. ಅವನ್ನು ತೆಗೆದರೆ ಉಳಿಯುವುದು ಮೂರು, ಬೆರಳಿಗೂ ಮೂರೇ ಗೆಣ್ಣು. ಹೆಬ್ಬೆರಳಿಗೆ ಎರಡೇ, ಅಲ್ಲಿ ಕ ಮತ್ತು ಗ ಕೂತರೆ ಉಳಿಯುವ ಅನುನಾಸಿಕ ಯಾರಿಗೂ ಬೇಕಿಲ್ಲ. ಮಿಕ್ಕ ಯರಲವಗಳು ಅಂಗೈಗೆ, ಸ್ವರಗಳು ಮಣಿಕಟ್ಟಿಗೆ. ಕೈ ಯಾವ ಕಡೆ ಹೊರಳಿದೆ ಎಂದು ಹೇಳುವ ಕಾಳಿನಷ್ಟು ಸೆನ್ಸರ್ ಒಂದನ್ನು ಅಲ್ಲಿ ಹೊಲಿದೆ.

ಆದರೂ ಎಡವಿದೆವು. ಅತ್ತೆ ಒಂದು ಅಕ್ಷರ ಒತ್ತಿ ಹಾಗೆಯೇ ಹಿಡಿದು ಕೂತುಬಿಡುವರು, ಯಂತ್ರ ಅದನ್ನೇ ನೂರು ಸಲ ಅರಚುವುದು. ತಪ್ಪು ತಂತಿಯದೆಂದು ನಾನು ಎಲ್ಲ ಬಿಚ್ಚಿ ಜೋಡಿಸಿದೆ. ಆಮೇಲೆ ಅರ್ಥವಾಯಿತು, ಅವರು ಉತ್ತರಕ್ಕೆ ಕಾಯುತ್ತಿದ್ದರು. ಟವೆಲಿನ ಕೆಳಗೆ ಎದುರಿನ ಕೈ ತಿರುಗಿ ಒತ್ತುವವರೆಗೆ ಬೆರಳು ಬಿಡುವ ಪದ್ಧತಿಯಿಲ್ಲ. ಹಳೆಯ ಫೋನಿನ ನಡುಗುವ ಮೋಟರೊಂದನ್ನು ಅರಳೆಯೊಳಗೆ ಇಟ್ಟೆ. ಒಂದು ಅಕ್ಷರ ತಲುಪಿದೊಡನೆ ಕೈ ಸಣ್ಣಗೆ ನಡುಗಿ ಹೂಂಗುಟ್ಟುವಂತಾಯಿತು. ಅಲ್ಲಿಂದ ಮುಂದೆ ಅತ್ತೆಯ ಬೆರಳು ಓಡಿದ ವೇಗಕ್ಕೆ ನನ್ನ ಬೋರ್ಡೇ ಏದುಸಿರು ಬಿಟ್ಟಿತು.

ಒಂದು ರವಿವಾರ ಮಧ್ಯಾಹ್ನ ಸ್ಪೀಕರಿನ ತಂತಿಗೆ ಸೋಲ್ಡರ್ ಹಾಕಿ ಮುಗಿಸಿದ್ದೆ. ಅತ್ತೆ ಸೆರಗಿನೊಳಗೆ ಕೈ ಸೇರಿಸಿದರು. ಅವರ ಸೊಂಟದ ಅಡಕೆ ಚೀಲದೊಳಗೆ ನಾನು ಕೂರಿಸಿದ್ದ ಸ್ಪೀಕರಿನಿಂದ, ಅಲ್ಲಲ್ಲಿ ತಡವರಿಸುತ್ತ, ಆದರೆ ಅದೇ ಎಮ್ಮೆ ತಿರುಗಿಸುವ ದನಿ ಬಂತು.

"ಮನಿತುಂಬಾ ಹೊಗಿ ಮಾಡಿ ಕುಂತಿಯಲ್ಲ, ಕಿಡಕಿ ತಗಿಯಾಕ ನಿನ್ನ ಕೈಗೇನ ಲಕ್ವಾ ಹೊಡದೈತೇನ, ಸುಲೋಚನಾ?"

ನಾನು ಕಿಟಕಿ ತೆಗೆಯಲಿಲ್ಲ. ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಇವರಿಗೆ ಮುಚ್ಚಿಡುವುದು ನನ್ನಿಂದಾಗಲಿಲ್ಲ, ಮುಚ್ಚಿಡುವ ಮನಸ್ಸೂ ಇರಲಿಲ್ಲ. ಮೇಜಿನ ಮೇಲಿನ ಕೈ ನೋಡಿದವರೇ ಇವರು ಕೂತುಬಿಟ್ಟರು. ಯಂತ್ರದ್ದೆನ್ನಿಸುವ ದನಿ ಮುದ್ರೆಯಿಲ್ಲದೆ ಸರಕಾರಿ ಸಭಾಂಗಣದಲ್ಲಿ ಕೇಳಿದರೆ ಮೈಕಿನ ದೀಪ ಹಳದಿಯಾಗುತ್ತದಂತೆ. ಆದರೆ ಗಂಟಲು ಕಟ್ಟಿದವರು, ಉಬ್ಬಸದವರು ಮಾತಾಡಿದಾಗಲೂ ಯಂತ್ರ ಮೋಸ ಹೋಗುತ್ತದೆ. ಅದಕ್ಕೆ ಆ ದನಿ ಕೂಡಲೇ ನಿಯಂತ್ರಣ ಕೊಠಡಿಗೆ ಹೋಗಿ, ಮಾತಾಡುತ್ತಿರುವುದು ಮನುಷ್ಯರೋ ಯಂತ್ರವೋ ಎಂದು ಪರದೆ ಕೇಳುತ್ತದೆ. ಆಪರೇಟರ್ ಕಿವಿಯಾರೆ ಕೇಳಿ ಎರಡರಲ್ಲೊಂದು ಒತ್ತಬೇಕು. ಯಂತ್ರ ಎಂದು ಒತ್ತಿದರೆ ಮೈಕು ಬಂದ್, ಬಾಗಿಲಿಗೆ ಪೊಲೀಸರು. ಅಂತಿಮ ಸಭೆಯ ದಿನ ನಮ್ಮ ಜಿಲ್ಲೆಯ ಪರದೆಯ ಮುಂದೆ ಇರುವವರು ಇವರೇ.

"ನನ್ನ ಮುಂದ ಬಂದ್ರ ಯಂತ್ರ ಅಂತ ನಾ ಒತ್ತಾಂವನ, ಸುಲೂ," ಅಂದರು ಇವರು. "ನನ್ನ ಕೆಲಸ ಅದು. ಅವ್ವಗ ಹೇಳು, ಪಟ್ಟಿ ಕಟಗೊಂಡು ಮತ್ತೊಮ್ಮೆ ಸಮಾಧಾನದಿಂದ ಹೇಳಿ ನೋಡ್ಲಿ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೈಯನ್ನು ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿ ಒಳಗೆ ಹೋದರು. ಆಮೇಲೆ ಮಗ ಮನೆಯಲ್ಲಿದ್ದಾಗ ಒಂದು ಅಕ್ಷರವನ್ನೂ ಒತ್ತಲಿಲ್ಲ. ಸಮಾಧಾನವಂತೆ! ನನಗೆ ಬಂದ ಸಿಟ್ಟಿಗೆ ಆವತ್ತು ಇವರಿಗೆ ರೊಟ್ಟಿ ಬಡಿದು ಹಾಕಲಿಲ್ಲ, ನಿಮ್ಮ ಕೇಂದ್ರಕ್ಕೇ ಕೇಳಿ ಉಣ್ಣಿರಿ ಅಂದೆ. ಒಂದು ಕಡೆ ಭಯವೂ ಇತ್ತು. ಇವರು ಕೆಟ್ಟವರಲ್ಲ, ಅಂಜುಬುರುಕರು. ಒತ್ತು ಅಂದದ್ದನ್ನು ಒತ್ತಿಯೇ ಇಷ್ಟು ದಿನ ಬದುಕಿದವರು.

ಸಭೆಯ ದಿನ ಪೇಟೆಯವರೆಲ್ಲ ಬಂದಿದ್ದರು. ವಿಚಾರಣಾಧಿಕಾರಿ ಬಹಳ ನಯವಾದ ಮನುಷ್ಯ. ಹೋದ ಸಲ ತಾವು ದೊಡ್ಡ ಮನಸ್ಸಿನಿಂದ ಒಪ್ಪಿಗೆ ಕೊಟ್ಟಿದ್ದೀರಿ, ಅದನ್ನು ಖಾಯಂ ಮಾಡಿದರೆ ಸಾಕು ಅಂದರು. ಅತ್ತೆಯ ಕೊರಳಲ್ಲಿ ಪಟ್ಟಿ ಇಲ್ಲದ್ದನ್ನು ಕಂಡು, ಬೇಕಾದರೆ ಹೊಸದೊಂದು ತರಿಸುತ್ತೇನೆ ಅಂದರು. ಅತ್ತೆ ಮೈಕಿನ ಮುಂದೆ ಹೋಗಿ ನಿಂತರು. ಬಲಗೈ ಸೆರಗಿನ ಕೆಳಗೆ ಹೋಯಿತು.

"ಒಲ್ಲೆ."

ಆ ದನಿಯನ್ನು ಪೇಟೆಯವರು ಕೇಳಿ ವರ್ಷವಾಗಿತ್ತು. ಮೈಕಿನ ದೀಪ ಹಳದಿಯಾಯಿತು. ಅಧಿಕಾರಿಯ ಕಣ್ಣು ದೀಪದಿಂದ ಸೆರಗಿಗೆ ಹೋಯಿತು. ಸೆರಗಿನಲ್ಲಿ ಏನಿದೆ, ತೋರಿಸಬೇಕು ಎಂದರು. ಪೇಟೆಯ ಗಂಡಸರು ಒಬ್ಬೊಬ್ಬರೇ ಎದ್ದು ನಿಂತರು. ಅಧಿಕಾರಿ ಮತ್ತೆ ಕೇಳಲಿಲ್ಲ, ಕೇಂದ್ರದವರೇ ನಿರ್ಧರಿಸಲಿ ಎಂದು ದೀಪದ ಕಡೆ ನೋಡುತ್ತ ಕೂತರು. ಅತ್ತೆಯೂ ದೀಪದ ಕಡೆಯೇ ತಿರುಗಿದರು. ಬೆರಳುಗಳು ಸೆರಗಿನೊಳಗೆ ಆಡಿದವು.

"ಗುರುಸಿದ್ದಾ, ನೀ ಕೇಳಾಕತ್ತಿ ಅಂತ ನನಗ ಗೊತ್ತೈತಿ. ಒತ್ತೂದಿದ್ರ ಒತ್ತು, ಆದ್ರ ಪೂರಾ ಕೇಳಿ ಒತ್ತು. ಬಯಲು ಕೊಡಾಕ ನಾ ಒಲ್ಲೆ. ಹೋದ ಸಲಾನೂ ಒಲ್ಲೆ ಅಂದಿದ್ದೆ, ನಾಳಿ ಕೇಳಿದ್ರೂ ಒಲ್ಲೆ. ನನ್ನ ಬಾಯಾಗಿನ ಮಾತು ತೊಳದು ತೊಳದು ಊರಿಗೆ ಹಂಚಿದ್ರಿ. ಅದನ್ನ ಕೇಳಿ ಅವ್ವ ಮೆತ್ತಗಾದ್ಲು ಅಂತ ಓಣಿತುಂಬಾ ಹೇಳಿ ಬಂದಿ. ಹೆತ್ತ ಮಗನ್ನ ಬೈಯಾಕ ಸರಕಾರದ ಅಪ್ಪಣಿ ಬೇಕೇನೋ, ಹೊಣಗೇಡಿ?"

ಅಷ್ಟು ಹೇಳಿ ಕೈ ಸಡಿಲಿಸಿ ನಿಂತರು. ಬಾಗಿಲ ಬಳಿಯ ಪೊಲೀಸರು ಒಂದು ಹೆಜ್ಜೆ ಮುಂದಿಟ್ಟರು. ದೀಪ ಬಹಳ ಹೊತ್ತು ಹಳದಿಯಾಗಿಯೇ ಉರಿಯಿತು. ಆಮೇಲೆ ಹಸಿರಾಯಿತು.

ಮನುಷ್ಯರ ದನಿ ಎಂದು ಕೇಂದ್ರವೇ ಒಪ್ಪಿದ ಮೇಲೆ ಜರಡಿಯ ಮಾತಿಲ್ಲ. ನಡಾವಳಿಯ ಯಂತ್ರ ಒಂದಕ್ಷರ ಬಿಡದೆ ಬರೆದುಕೊಂಡು, ಪದ್ಧತಿಯಂತೆ ಗಟ್ಟಿಯಾಗಿ ಓದಿ ಹೇಳಿತು. ಹಿಂದಿನ ಒಪ್ಪಿಗೆ ರದ್ದಾಯಿತು, 'ಒಲ್ಲೆ' ದಾಖಲಾಯಿತು, ಕೊನೆಯ ಬೈಗುಳವೂ ಸರಕಾರಿ ಕಡತಕ್ಕೆ ಸೇರಿತು. ಅಧಿಕಾರಿ ನಯವಾಗಿಯೇ ಸಭೆ ಮುಂದೂಡಿದರು. ಹೊರಗೆ ಬಂದಾಗ ಪೇಟೆಯವರು ಅತ್ತೆಯ ಸುತ್ತ ಮುತ್ತಿಕೊಂಡರು. ಮಾರಿಕೊಂಡಳು ಅಂದವರೂ ಅದರಲ್ಲಿದ್ದರು. ಅವರನ್ನು ಅತ್ತೆ ಹೇಗೆ ಬೈದರೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ.

ಬಯಲು ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಪ್ರಾಧಿಕಾರದವರು ಮತ್ತೆ ಬರುತ್ತಾರೆ, ಬರಲಿ. ಆ ಹೊಸ್ತಿಲಿನ ಹೆಂಗಸಿನಂಥವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರತೊಡಗಿದ್ದಾರೆ, ನಾನು ಕೈಗಳನ್ನು ಹೊಲಿದು ಕೊಡುತ್ತಿದ್ದೇನೆ. ನೋಂದಣಿಯಿಲ್ಲದ ಕಂಪ್ಯೂಟರು ಕಟ್ಟುವುದು ಅಪರಾಧವೆಂದು ಪಾಲಿಟೆಕ್ನಿಕ್ಕಿನ ಗೋಡೆಯ ಮೇಲೆಯೇ ಬರೆದಿದೆ. ದಿನಾ ಓದಿಕೊಂಡೇ ಒಳಗೆ ಹೋಗುತ್ತೇನೆ.

ಇವರನ್ನು ಮಾತ್ರ ಕೇಂದ್ರದಲ್ಲಿ ವಿಚಾರಣೆಗೆ ಕರೆದರು. ಅಲ್ಲಿ ಏನು ಹೇಳಿಬಿಡುತ್ತಾರೋ ಎಂದು ನನಗೆ ಅಂಜಿಕೆಯಿತ್ತು. ದೊಡ್ಡ ಸಾಹೇಬರು ಸಭೆಯ ಧ್ವನಿಮುದ್ರಣವನ್ನು ಹಾಕಿ ಕೇಳಿಸಿ, ಇದು ಯಂತ್ರದ ದನಿಯೆಂದು ನಿನ್ನ ಕಿವಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದರಂತೆ. ಗೊತ್ತಾಯಿತು ಅಂದರಂತೆ ಇವರು. ಮತ್ತೆ ಮನುಷ್ಯ ಎಂದು ಯಾಕೆ ಒತ್ತಿದೆ ಎಂದು ಕೇಳಿದ್ದಕ್ಕೆ ಇವರು ಕೊಟ್ಟ ಉತ್ತರವನ್ನು, ಮನೆಗೆ ಬಂದ ಮೇಲೆ, ಅತ್ತೆಯ ಮುಂದೆ ನಿಂತು ನಮಗೂ ಹೇಳಿದರು.

"ಪರದೆ ಕೇಳಿದ್ದು ಮಾತಾಡಾವ್ರು ಯಾರು ಅಂತರೀ, ದನಿ ಯಾವುದರದ್ದು ಅಂತಲ್ಲ. ಮಾತಾಡಿದಾಕಿ ನಮ್ಮವ್ವ. ನೀವು ಕೊರಳಿಗೆ ಕಟ್ಟಿದ್ದ ಪಟ್ಟಿ ಅಕಿ ಹೆಸರಲೆ ಹೂಂ ಅಂದಾಗ ನನ್ನ ಕೇಳಬೇಕಿತ್ತು. ಆವತ್ತ ಯಂತ್ರ ಅಂತ ಒತ್ತತಿದ್ದೆ."

ಆ ಮಾತು ವಿಚಾರಣೆಯ ಕಡತದಲ್ಲಿ ಹಾಗೆಯೇ ದಾಖಲಾಗಿದೆ. ಇವರ ಕೊರಳಲ್ಲಿ ಪಟ್ಟಿ ಇರಲಿಲ್ಲ.